ತಪ್ಪಲು ಕಲಿತ ಕೈ

ನನ್ನ ಮಗ ಕಳ್ಳನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುವ ಕಡೆ, ನಮ್ಮ ಬೀದಿಯಲ್ಲಿ, ನೆಂಟರಿಷ್ಟರ ಬಾಯಲ್ಲಿ ಈ ಕತೆ ಶುರುವಾಗುವುದೇ ಆ ಮಾತಿನಿಂದ. ಕಳ್ಳ ಅಂತ ಒಂದು ಸಲ ಅಂದುಬಿಟ್ಟ ಮೇಲೆ ಉಳಿದದ್ದನ್ನು ಕೇಳುವ ವ್ಯವಧಾನ ಯಾರಿಗಿದೆ? ಆಡಿಕೊಳ್ಳುವವರ ಬಾಯಿ ಮುಚ್ಚಿಸುವ ಆಸೆಯನ್ನು ನಾನು ಎಂದೋ ಬಿಟ್ಟೆ. ಆದರೂ ನಡೆದದ್ದು ನಡೆದ ಹಾಗೆ ಒಬ್ಬರಿಗಾದರೂ ಗೊತ್ತಿರಲಿ.

ನನಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು, ಚಿಕ್ಕವನು ಮಗ. ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ದಿನವಿಡೀ ಆವಿ, ಸೋಪಿನ ಘಾಟು, ಒದ್ದೆ ಬೆಡ್‌ಶೀಟು. ನಮ್ಮ ಯಜಮಾನರು ಬಸ್ಸು ಓಡಿಸುತ್ತಾರೆ. ಅವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಕೆಟ್ಟು ನಿಂತ ಬಸ್ಸಿನ ಹಾಗೆ ಹಿಂದಿನಿಂದ ತಳ್ಳಬೇಕು. ಅವರ ಪಾಲಿನ ಮಾತನ್ನೂ ಸೇರಿಸಿ ನಾನೇ ಆಡುತ್ತೇನೆ ಎಂದು ಮಕ್ಕಳು ಗೇಲಿ ಮಾಡುತ್ತಿದ್ದರು, ಮಾಡಲಿ.

ಇಬ್ಬರು ಮಕ್ಕಳ ಬದುಕೂ ಒಂದೇ ಆಟದ ಸುತ್ತ ಇತ್ತು. ಕಂಪ್ಯೂಟರಿನಲ್ಲಿ ಆಡುವ ಆಟ. ಈ ಕಡೆ ಐದು ಜನ, ಆ ಕಡೆ ಐದು ಜನ, ಗೋಡೆಗಳ ಹಿಂದೆ ಅವಿತುಕೊಂಡು ಒಬ್ಬರಿಗೊಬ್ಬರು ಗುಂಡು ಹೊಡೆಯುವುದು. ಸತ್ತವರು ಮುಂದಿನ ಸುತ್ತಿಗೆ ಎದ್ದು ಬರುತ್ತಾರೆ. ಜನ ಟಿಕೆಟ್ ತೆಗೆದುಕೊಂಡು ದೊಡ್ಡ ಸಭಾಂಗಣದಲ್ಲಿ ಕೂತು ಇದನ್ನು ನೋಡುತ್ತಾರೆ ಎಂದು ಮೊದಲು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಮಗ ಅದನ್ನು ಆಡುವವನು. ಹೆತ್ತವರು ಇಟ್ಟ ಚೆಂದದ ಹೆಸರು ಬಿಟ್ಟು ಆಟದಲ್ಲಿ ಹಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ, ಗೋಡೆಗೆ ಅಂಟಿಕೊಂಡು ಹೋಗುತ್ತಾನೆ ಅಂತ. ಮಗಳು ಪಂದ್ಯ ನಡೆಸುವ ಸಂಸ್ಥೆಯಲ್ಲಿ ಮೋಸ ಹಿಡಿಯುವ ವಿಭಾಗದಲ್ಲಿದ್ದಳು. ಯಾರ ಮೇಲಾದರೂ ದೂರು ಬಂದರೆ ಆ ಆಟದ ರೆಕಾರ್ಡಿಂಗ್ ಅವಳ ಮೇಜಿಗೆ ಬರುತ್ತದೆ. ಆಡಿದವರ ಹೆಸರು, ಮುಖ, ತಂಡ ಎಲ್ಲವನ್ನೂ ಅಳಿಸಿ ಬರೀ ಒಂದು ನಂಬರ್ ಹಾಕಿ ಕಳಿಸುತ್ತಾರೆ, ನಮ್ಮವರು ತಮ್ಮವರು ಅನ್ನುವುದು ಇರಬಾರದು ಅಂತ. ಹಾಗೆ ಮೂವರು ಬೇರೆ ಬೇರೆ ಕೋಣೆಯಲ್ಲಿ ಕೂತು ನೋಡುತ್ತಾರೆ. ಮೂವರೂ ಮೋಸ ಎಂದು ಬರೆದರೆ ಆಡಿದವನ ಕತೆ ಮುಗಿಯಿತು.

ತಮ್ಮನ ಆಟ ತನ್ನ ಮೇಜಿಗೆ ಬರಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು. ಅವರೂ ಒಪ್ಪಿದ್ದರು. ಅಷ್ಟು ನಿಯತ್ತಿನ ಹುಡುಗಿ ಅವಳು.

ಮಗ ಆಡುವುದನ್ನು ನೀವು ನೋಡಬೇಕಿತ್ತು. ನನಗೆ ಆಟ ತಿಳಿಯದಿದ್ದರೂ ಅವನ ಕೈ ನೋಡುತ್ತಾ ನಿಲ್ಲುತ್ತಿದ್ದೆ. ಮೌಸಿನ ಮೇಲೆ ಕೈ ಇಟ್ಟರೆ ಅದು ಅವನದೇ ಮೈಯ ಭಾಗವೇನೋ ಅನ್ನಿಸುತ್ತಿತ್ತು. ಎದುರಿಗೆ ಯಾರಾದರೂ ತಲೆ ಹಾಕಿದರೆ ಸಾಕು, ಬಿದ್ದರು. ಅದೇ ಅವನಿಗೆ ಮುಳುವಾಯಿತು. ನೋಡುವವರು ಒಂದೆರಡು ಸಲ ಚಪ್ಪಾಳೆ ತಟ್ಟಿದರು, ಆಮೇಲೆ ಇಷ್ಟು ಚೆನ್ನಾಗಿ ಮನುಷ್ಯರಾದವರು ಆಡಲು ಸಾಧ್ಯವೇ ಎಂದು ಶುರು ಹಚ್ಚಿಕೊಂಡರು. ಸಭಾಂಗಣದಲ್ಲಿ ಹಿಂದಿನ ಸಾಲಿನವರು ಕಳ್ಳ ಕಳ್ಳ ಎಂದು ಕೂಗಿದರು. ದೂರು ಬಂತು, ತನಿಖೆ ಆಯಿತು, ಏನೂ ಇಲ್ಲ ಎಂದು ತೀರ್ಮಾನವಾಯಿತು. ತೀರ್ಮಾನ ಯಾರಿಗೆ ಬೇಕು? ಕೂಗು ನಿಲ್ಲಲಿಲ್ಲ.

ಆ ಸಮಯಕ್ಕೇ ದೊಡ್ಡ ತಂಡವೊಂದು ಅವನನ್ನು ಕರೆದಿತ್ತು. ಈ ವರ್ಷದ ಪಂದ್ಯಗಳು ಮುಗಿಯುವ ತನಕ ಆಡಿ ನೋಡೋಣ, ಸರಿಯಾದರೆ ಖಾಯಂ ಮಾಡಿಕೊಳ್ಳುತ್ತೇವೆ ಎಂದಿದ್ದರು. ಹುಟ್ಟಿದಾಗಿನಿಂದ ಅವನು ಬಯಸಿದ್ದು ಅದೊಂದೇ. ಆದರೆ ತಂಡದ ಕೋಚ್ ಒಂದು ದಿನ ಪಕ್ಕಕ್ಕೆ ಕರೆದು, ಇನ್ನೊಂದು ದೂರು ಬಂದರೆ ನಿನ್ನನ್ನು ಇಟ್ಟುಕೊಳ್ಳುವುದು ಕಷ್ಟ, ತಂಡದ ಹೆಸರಿಗೆ ಮಸಿ ಬಳಿಸಿಕೊಳ್ಳಲು ನಾವು ತಯಾರಿಲ್ಲ ಎಂದು ಹೇಳಿದ. ಮನೆಗೆ ಬಂದವನ ಮುಖದಲ್ಲಿ ರಕ್ತ ಇರಲಿಲ್ಲ.

ಆ ವಾರವೇ ಇರಬೇಕು, ಊಟಕ್ಕೆ ಕೂತಾಗ ಅಕ್ಕನನ್ನು ಕೇಳಿದ, ಮೋಸ ಮಾಡುವವರು ಹೇಗೆ ತಪ್ಪಿಸಿಕೊಳ್ಳುತ್ತಾರೆ ಅಂತ. ಅವಳಿಗೋ ತನ್ನ ಕೆಲಸದ ಬಗ್ಗೆ ಕೇಳುವವರು ಸಿಕ್ಕರೆ ಸಾಕು, ತಟ್ಟೆ ಒಣಗಿದರೂ ಗಮನವಿರುವುದಿಲ್ಲ. ಒಂದು ಜಾತಿಯ ಕಳ್ಳ ಪ್ರೋಗ್ರಾಮು ಗೋಡೆಯ ಆಚೆ ಇರುವವರನ್ನು ತೋರಿಸುತ್ತದಂತೆ, ಇನ್ನೊಂದು ಗುರಿಯನ್ನು ತಾನಾಗಿಯೇ ಎದುರಾಳಿಯ ತಲೆಗೆ ಎಳೆಯುತ್ತದಂತೆ. ದಡ್ಡರು ಅದನ್ನು ಇಡೀ ಆಟ ಹಚ್ಚಿಟ್ಟು ಸಿಕ್ಕಿಬೀಳುತ್ತಾರೆ. ಜಾಣರು ಸೋಲುವ ಹೊತ್ತಿಗೆ ಮಾತ್ರ ಹಚ್ಚಿ ಆರಿಸುತ್ತಾರೆ. ಎದುರಾಳಿ ಎಡಕ್ಕಿದ್ದಾನೆ ಎಂದು ಗೊತ್ತಿದ್ದೂ ಮೊದಲು ಬಲಕ್ಕೆ ನೋಡುತ್ತಾರೆ. ಸುಮ್ಮಸುಮ್ಮನೆ ಬೆಚ್ಚಿಬೀಳುತ್ತಾರೆ.

"ಎಲ್ಲಕ್ಕಿಂತ ಮುಖ್ಯ, ಬೇಕಂತಲೇ ಗುರಿ ತಪ್ತಾರೆ," ಎಂದಳು. "ಒಂದೂ ತಪ್ಪದೆ ಇರೋನ ಮೇಲೆ ಎಲ್ಲರ ಕಣ್ಣು ಬೀಳುತ್ತೆ. ಆಗಾಗ ತಪ್ಪೋನನ್ನ ಯಾರೂ ತಿರುಗಿ ನೋಡಲ್ಲ."

ಹಾಗಾದರೆ ಅಂಥವರನ್ನು ನೀವು ಹಿಡಿಯುವುದು ಹೇಗೆ ಎಂದು ಇವನು ಕೇಳಿದ. ಅವಳು ನಾಲಿಗೆ ಕಚ್ಚಿಕೊಂಡಳು. ಅದು ಆಫೀಸಿನ ಗುಟ್ಟು, ಹೇಳುವ ಹಾಗಿಲ್ಲ ಎಂದು ಎದ್ದು ಕೈ ತೊಳೆದುಕೊಂಡಳು. ಅರ್ಧ ಹೇಳಿ ಅರ್ಧ ಬಿಟ್ಟಳು. ಆ ಅರ್ಧವೇ ನಮ್ಮ ಮನೆಯನ್ನು ನುಂಗಿತು.

ಸ್ವಲ್ಪ ದಿನದ ಮೇಲೆ ಚಹಾ ಕೊಡಲು ಅವನ ಕೋಣೆಗೆ ಹೋದೆ. ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಪರದೆಯ ಮೇಲೆ ಒಂದು ಬೊಂಬೆ ನಿಂತಿದೆ, ಇವನು ಅದರ ಕಿವಿಯ ಪಕ್ಕಕ್ಕೆ ಹೊಡೆಯುತ್ತಾನೆ, ಮತ್ತೆ ಹೆಗಲ ಪಕ್ಕಕ್ಕೆ, ಮತ್ತೆ ಕಿವಿಯ ಪಕ್ಕಕ್ಕೆ. ಎದುರಿಗೇ ನಿಂತಿರುವುದು ಕಾಣಿಸುವುದಿಲ್ಲವೇನೋ ಎಂದೆ. ಕಾಣಿಸುತ್ತದೆ ಅಮ್ಮ, ಅದಕ್ಕೇ ಅಭ್ಯಾಸ ಬೇಕಾಗಿದೆ ಎಂದು ನಕ್ಕ. ನಾನೂ ನಕ್ಕು ಲೋಟ ಇಟ್ಟು ಬಂದೆ. ಇಂಥ ಹುಚ್ಚು ಲೋಕದಲ್ಲಿ ಎಲ್ಲಾದರೂ ಇದೆಯೇ? ಒಳ್ಳೆಯ ಹಾಡುಗಾರ ಬಾಗಿಲು ಹಾಕಿಕೊಂಡು ಅಪಸ್ವರ ಅಭ್ಯಾಸ ಮಾಡಿದ ಹಾಗೆ ನನ್ನ ಮಗ ತಪ್ಪಲು ಕಲಿಯುತ್ತಿದ್ದ. ಕಲಿತ ಕೂಡ. ಕೆಲವು ಪಂದ್ಯಗಳಲ್ಲಿ ಕೂಗು ಕಡಿಮೆಯಾಯಿತು. ಹಲ್ಲಿಯೂ ನಮ್ಮ ಹಾಗೆಯೇ ತಪ್ಪುತ್ತಾನೆ ಎಂದು ಜನ ಸಮಾಧಾನ ಪಟ್ಟುಕೊಂಡರು. ಇವನಿಗೆ ಮತ್ತೆ ಊಟ ರುಚಿಸತೊಡಗಿತು.

ಒಂದು ಸಂಜೆ ಮಗಳು ಹಿಗ್ಗಿಕೊಂಡು ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು, ಇವತ್ತೊಬ್ಬ ಮಹಾ ಕಿಲಾಡಿ ಸಿಕ್ಕಿದ, ಉಳಿದ ಇಬ್ಬರೂ ನನ್ನ ಹಾಗೆಯೇ ಬರೆದಿದ್ದಾರೆ, ಮೇಲ್ವಿಚಾರಕರು ಎಲ್ಲರ ಮುಂದೆ ಹೊಗಳಿದರು ಅಂತ. ಮಗ ಊಟ ಮಾಡುತ್ತಿದ್ದ. ಅವನು ಹೇಗೆ ಸಿಕ್ಕಿಬಿದ್ದ ಎಂದು ತಲೆ ಎತ್ತದೆ ಕೇಳಿದ. ಹೊಗಳಿಕೆ ತಲೆಗೇರಿತ್ತೋ ಏನೋ, ಆ ದಿನ ಅವಳು ಗುಟ್ಟು ಅನ್ನಲಿಲ್ಲ.

"ತಪ್ಪಿದ್ದೆಲ್ಲ ಸುಳ್ಳು. ಒಂದೂ ನಿಜವಾದ ತಪ್ಪಲ್ಲ," ಎಂದಳು.

ಮಗ ತಟ್ಟೆಯಲ್ಲೇ ಕೈ ತೊಳೆದು ಎದ್ದ. ನಾನು ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವನ ಫೋನಿಗೆ ಸಂದೇಶ ಬಂತು. ಎದುರು ತಂಡದ ದೂರಿನ ಮೇಲೆ ತನಿಖೆಯಾಗಿ ಮೋಸ ಸಾಬೀತಾಗಿದೆ, ಇನ್ನು ಮುಂದೆ ಯಾವ ಪಂದ್ಯದಲ್ಲೂ ಆಡುವ ಹಾಗಿಲ್ಲ. ಮಗಳು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಇವನು ಹೋಗಿ ಫೋನನ್ನು ಅವಳ ಮುಖದ ಮುಂದೆ ಹಿಡಿದ. ಕಿರುಚಲಿಲ್ಲ, ಬಯ್ಯಲಿಲ್ಲ.

"ನಿನ್ನೆ ಹೇಳಿದ್ಯಲ್ಲ ಅಕ್ಕ, ಕಿಲಾಡಿ ಅಂತ. ಅದು ನಾನೇ."

ಹೊಸ ತಂಡ ಸೇರಿದಾಗ ಅವನಿಗೆ ಆಟದೊಳಗೆ ಹೋಗಲು ಹೊಸ ಖಾತೆ ಕೊಟ್ಟಿದ್ದರು. ಆಫೀಸಿನವರು ಅವಳಿಗೆ ಕಳಿಸಬಾರದು ಎಂದು ಗುರುತು ಮಾಡಿಟ್ಟದ್ದು ಹಳೆಯ ಖಾತೆಯನ್ನು. ಇದು ಯಾರ ತಲೆಗೂ ಹೋಗಿರಲಿಲ್ಲ. ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿತ್ತು, ಅವಳು ಹಾಗೇ ನೆಲಕ್ಕೆ ಕುಸಿದಳು. ಯಾರನ್ನು ಬಯ್ಯಬೇಕೋ ತಿಳಿಯದೆ ಇಬ್ಬರನ್ನೂ ಬಾಯಿಗೆ ಬಂದ ಹಾಗೆ ಬಯ್ದೆ. ಒಡಹುಟ್ಟಿದವನ ಆಟ ನಿನಗೆ ಗುರುತು ಸಿಗಲಿಲ್ಲವೇನೇ, ಹುಟ್ಟಿದಾಗಿನಿಂದ ಅವನ ಕೈ ನೋಡಿದವಳು ನೀನು ಎಂದು ಮಗಳ ಭುಜ ಹಿಡಿದು ಅಲ್ಲಾಡಿಸಿದೆ.

"ಅವನು ಅವನ ಹಾಗೆ ಆಡಿದ್ದರೆ ನೋಡಿದ ಕೂಡಲೇ ಗುರುತು ಹಿಡೀತಿದ್ದೆ ಅಮ್ಮ," ಎಂದಳು. "ಅದರಲ್ಲಿ ಅವನು ಎಲ್ಲೂ ಇರಲಿಲ್ಲ."

ಅವಳು ಅದೇ ದಿನ ಮೇಲ್ವಿಚಾರಕನ ಬಳಿ ಹೋಗಿ ಕೈಮುಗಿದಳು. ತಾನು ತೀರ್ಪು ಬರೆದದ್ದು ತಮ್ಮನ ಮೇಲೆ ಎಂದೂ, ಅವನು ಮೋಸ ಮಾಡಿಲ್ಲ, ಮೋಸಗಾರ ಅನ್ನಿಸಿಕೊಳ್ಳಬಾರದು ಎಂದೇ ತಪ್ಪಿದ ಎಂದೂ ಎಲ್ಲವನ್ನೂ ಹೇಳಿದಳು. ಆ ಮನುಷ್ಯ ಒಳ್ಳೆಯವನೇ, ನೀರು ಕುಡಿಸಿ ಕೂರಿಸಿದ. ನಿನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸಿದರೂ ಅದನ್ನೇ ಬರೆಯುತ್ತಾರೆ, ಉಳಿದ ಇಬ್ಬರೂ ಬರೆದಿದ್ದಾರಲ್ಲ ಎಂದ. ಬಚ್ಚಿಡಲು ಏನೂ ಇಲ್ಲದವನು ಯಾಕೆ ಬಚ್ಚಿಡುತ್ತಾನೆ ಎಂದು ಕೇಳಿದ. ಅದಕ್ಕೆ ಅವಳ ಹತ್ತಿರ ಉತ್ತರ ಇತ್ತು, ಅವನಿಗೆ ಕೇಳುವ ಕಿವಿ ಇರಲಿಲ್ಲ. ಕೊನೆಗೆ ಒಂದು ದಾರಿ ಬಿಟ್ಟ. ಹುಡುಗ ಆಫೀಸಿಗೆ ಬರಲಿ, ನಮ್ಮ ಕಂಪ್ಯೂಟರಿನಲ್ಲಿ, ನಮ್ಮ ಕಣ್ಣ ಮುಂದೆ, ತನ್ನ ನಿಜವಾದ ಆಟ ಆಡಿ ತೋರಿಸಲಿ. ಪ್ರೋಗ್ರಾಮಿಲ್ಲದೆ ಅಷ್ಟು ಚೆನ್ನಾಗಿ ಆಡಿದರೆ ತೀರ್ಪು ಹಿಂದಕ್ಕೆ ಪಡೆಯುತ್ತೇವೆ ಎಂದ.

ನನಗೆ ಹೋದ ಜೀವ ಬಂದ ಹಾಗಾಯಿತು. ಆಡುವುದೊಂದೇ ಅಲ್ಲವೇ, ಅದಕ್ಕೇನು, ನನ್ನ ಮಗ ಕಣ್ಣು ಮುಚ್ಚಿ ಆಡುತ್ತಾನೆ ಎಂದುಕೊಂಡೆ.

ಅಷ್ಟರಲ್ಲಿ ಮಗಳು ಇನ್ನೊಂದು ಕೆಲಸ ಮಾಡಿದಳು. ಉಳಿದ ಅರ್ಧವನ್ನೂ ತಮ್ಮನಿಗೆ ಹೇಳಿಬಿಟ್ಟಳು. ಆಫೀಸಿನ ನಿಯಮ ಮುರಿದು, ಪಕ್ಕದಲ್ಲಿ ಕೂತು, ಅಳುತ್ತಾ ಹೇಳಿದಳು. ನಿಜವಾಗಿ ತಪ್ಪಿದವನ ಕೈ ಗಾಬರಿ ಬೀಳುತ್ತದೆ, ಮರುಗುಂಡಿಗೆ ಅವಸರ ಮಾಡಿ ಗುರಿಯನ್ನು ದಾಟಿ ಹೋಗಿ ಹಿಂದೆ ಬರುತ್ತದೆ. ಬೇಕಂತಲೇ ತಪ್ಪಿದವನಿಗೆ ಗುಂಡು ಎಲ್ಲಿ ಬೀಳುತ್ತದೆ ಎಂದು ಮೊದಲೇ ಗೊತ್ತು, ಅದಕ್ಕೆ ಅವನ ಕೈ ಸಮಾಧಾನವಾಗಿರುತ್ತದೆ. ನಿನ್ನ ಕೈ ಸಮಾಧಾನವಾಗಿತ್ತು ಕಣೋ ಎಂದಳು. ಇನ್ನು ಮೇಲೆ ಹಾಗೆ ಮಾಡಬೇಡ, ಮರೆತುಬಿಡು, ಮೊದಲಿನ ಹಾಗೆ ಆಡು ಎಂದು ಹೇಳುವುದಷ್ಟೇ ಅವಳ ಉದ್ದೇಶ. ಹೇಳಿದ್ದು ಒಳ್ಳೆಯದಕ್ಕೇ. ಆದರೆ ಅವನು ಆವತ್ತಿನಿಂದ ತನ್ನ ಕೈಯನ್ನೇ ನೋಡಿಕೊಳ್ಳತೊಡಗಿದ. ಚಮಚ ಹಿಡಿದರೂ ನೋಡುತ್ತಿದ್ದ, ಬಾಗಿಲ ಚಿಲಕ ತೆಗೆದರೂ ನೋಡುತ್ತಿದ್ದ.

ಪರೀಕ್ಷೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಉದ್ದನೆಯ ಓಣಿ, ಅದರ ಕೊನೆಯಲ್ಲಿ ಗಾಜಿನ ಗೋಡೆಯ ಕೋಣೆ, ತಣ್ಣಗೆ ಕೊರೆಯುವ ಏಸಿ. ಮಗನನ್ನು ಒಳಗೆ ಕರೆದುಕೊಂಡರು. ಜೇಬು ತಪಾಸಣೆ ಮಾಡಿದರು, ಅಂಗಿಯ ತೋಳು ಮಡಚಿಸಿದರು, ಶೂ ಬಿಚ್ಚಿಸಿದರು. ಬರಿಗಾಲಲ್ಲಿ ಕುರ್ಚಿಯ ಮೇಲೆ ಕೂತ. ಅವನ ಹಿಂದೆ ಮೂರು ನಾಲ್ಕು ಜನ ಕೈಕಟ್ಟಿ ನಿಂತರು. ಒಳಗೆ ಹೋಗಲು ಮಗಳಿಗೆ ಅಪ್ಪಣೆ ಇರಲಿಲ್ಲ, ನನ್ನ ಪಕ್ಕದಲ್ಲಿ ಗಾಜಿಗೆ ಮೂಗು ಹಚ್ಚಿ ನಿಂತಳು. ಅವನ ಪರದೆಯಲ್ಲಿ ನಡೆಯುವುದೆಲ್ಲ ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ ನಮಗೂ ಕಾಣುತ್ತಿತ್ತು.

ಆಟ ಶುರುವಾಯಿತು. ಮೊದಲನೆಯವನು ಎದುರಿಗೆ ಬಂದ, ಗುಂಡು ಅವನ ಕಿವಿಯ ಪಕ್ಕಕ್ಕೆ ಹೋಯಿತು. ಎರಡನೆಯವನು ಬಂದ, ಗುಂಡು ಹೆಗಲ ಪಕ್ಕಕ್ಕೆ ಹೋಯಿತು. ಹೊಡೆಯೋ ಮಗನೇ, ಈಗ ಯಾಕೋ ತಪ್ಪುತ್ತೀಯ ಎಂದು ಗಾಜಿನ ಈಚೆ ನಾನು ಗೊಣಗುತ್ತಿದ್ದೆ. ಅವನು ತಪ್ಪಲು ಪ್ರಯತ್ನ ಮಾಡುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಬೆವರು ಗಲ್ಲದಿಂದ ಇಳಿಯುತ್ತಿತ್ತು. ತಿಂಗಳುಗಟ್ಟಲೆ ಕಲಿಸಿದ್ದನ್ನು ಅವನ ಕೈ ಬಿಡುತ್ತಿರಲಿಲ್ಲ, ಅಷ್ಟೇ. ಸರಿಮಾಡಲು ಹೋದಷ್ಟೂ ಕೆಡುತ್ತಿತ್ತು. ಮೌಸ್ ಅತ್ತ ಎಳೆದು ಇತ್ತ ಎಳೆದು ಒದ್ದಾಡಿದ. ಮಗಳು ನನ್ನ ಮುಂಗೈಯನ್ನು ಉಗುರು ನಾಟುವ ಹಾಗೆ ಹಿಡಿದಳು.

"ಅಮ್ಮ, ಇವು ನಿಜವಾದ ತಪ್ಪುಗಳು. ಕೈ ನೋಡು, ಗಾಬರಿ ನೋಡು. ನಟನೆ ಅಲ್ಲ ಇದು."

ನಿಜ ತಾನೇ, ಅಂದರೆ ಒಳ್ಳೆಯದೇ ತಾನೇ ಎಂದು ಕೇಳಿದೆ. ಒಳಗೆ ನಿಂತವರಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ತಲೆಯಾಡಿಸಿದರು. ಆಗ ನನಗೂ ತಿಳಿಯಿತು. ಅವರಿಗೆ ಕಂಡದ್ದು ಪ್ರೋಗ್ರಾಮು ಕಿತ್ತುಕೊಂಡರೆ ಆಡಲು ಬಾರದ ಒಬ್ಬ ಹುಡುಗ. ಮೇಲ್ವಿಚಾರಕ ಹೊರಗೆ ಬಂದು, ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದ. ನಿನಗೇನು ಅರ್ಥವಾಗುತ್ತದೆ ಮಣ್ಣು ಎಂದು ಅವನ ಮುಖದ ಮೇಲೆ ಹೇಳಿ ಮಗನ ಶೂ ಎತ್ತಿಕೊಂಡು ಬಂದೆ.

ತಂಡದವರು ಒಂದು ಫೋನೂ ಮಾಡಲಿಲ್ಲ. ಸುದ್ದಿ ಎಲ್ಲ ಕಡೆ ಹರಡಿತು. ನಮ್ಮ ವಿಭಾಗದಲ್ಲಿ ಬೆಡ್‌ಶೀಟನ್ನು ಇಬ್ಬಿಬ್ಬರು ಎದುರುಬದುರು ನಿಂತು ಮಡಚುತ್ತೇವೆ. ನನ್ನ ಎದುರಿಗೆ ನಿಲ್ಲುವವಳು ಒಂದು ದಿನ, ನಿನ್ನ ಮಗ ಇಷ್ಟು ದಿನ ಅಷ್ಟೊಂದು ಜನರ ಕಣ್ಣಿಗೆ ಮಣ್ಣೆರಚಿದನಲ್ಲ, ಬುದ್ಧಿವಂತನೇ ಬಿಡು ಎಂದಳು. ಹೊಗಳಿದ್ದೇ ಅವಳು, ಪಾಪ. ನಾನು ನನ್ನ ತುದಿಯನ್ನು ಕೈಬಿಟ್ಟು ಹೊರಗೆ ಹೋಗಿ ಕೂತೆ. ಮನೆಯಲ್ಲಿ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವಳು ಊಟಕ್ಕೆ ಕೂತರೆ ಇವನು ಏಳುತ್ತಿದ್ದ. ಯಜಮಾನರು ಒಮ್ಮೆ ಮಾತ್ರ ಬಾಯಿ ಬಿಟ್ಟರು, ಇವನಿಗೆ ಡ್ರೈವಿಂಗ್ ಕಲಿಸುತ್ತೇನೆ ಎಂದರು. ಇವನು ತನ್ನ ಕೈಯನ್ನು ನೋಡಿಕೊಂಡು, ಬೇಡಪ್ಪ, ಯಾರನ್ನಾದರೂ ಕೊಂದುಬಿಡುತ್ತೇನೆ ಎಂದ.

ಆಗ ಆ ಫೋನುಗಳು ಬರತೊಡಗಿದವು. ಕಳ್ಳ ಪ್ರೋಗ್ರಾಮು ಮಾರುವವರು. ಇವನು ನಿಜವಾಗಿಯೂ ಮೋಸ ಮಾಡಿದ್ದಾನೆ ಎಂದೇ ಅವರ ನಂಬಿಕೆ. ಅಷ್ಟು ದಿನ ಸಿಕ್ಕಿಬೀಳದೆ ಆಡಿದ ಗುರು ನೀನು ಎಂದು ಮರ್ಯಾದೆ ಕೊಟ್ಟು ಮಾತಾಡುತ್ತಿದ್ದರು. ಇವನು ಮೊದಲು ಕೆಟ್ಟ ಕೆಟ್ಟದಾಗಿ ಬಯ್ದು ಫೋನ್ ಇಟ್ಟ. ಆಮೇಲೆ ಬಯ್ಯುವುದು ನಿಂತಿತು. ಆಮೇಲೆ ಕೋಣೆಯ ಬಾಗಿಲು ಮುಚ್ಚಿತು, ಒಳಗಿನಿಂದ ತಗ್ಗಿದ ದನಿಯಲ್ಲಿ ಪಾಠ ಹೇಳಿದ ಹಾಗೆ ಕೇಳತೊಡಗಿತು. ತಪ್ಪಿದ ಮೇಲೆ ಅವಸರ ಮಾಡು, ದಾಟಿಹೋಗು, ಈಗ ಹಿಂದೆ ಬಾ. ನಾನು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ. ಇಷ್ಟು ದಿನ ಊರೆಲ್ಲ ಅಂದದ್ದನ್ನು ನಿಜ ಮಾಡಲು ಹೊರಟಿದ್ದೀಯೇನೋ ಎಂದು ಕೈ ಎತ್ತಿದೆ. ಅವನು ತಪ್ಪಿಸಿಕೊಳ್ಳಲಿಲ್ಲ, ನನ್ನನ್ನೇ ನೋಡುತ್ತಾ ಕೂತಿದ್ದ.

"ನಾನು ಆಡಲ್ಲ ಅಮ್ಮ. ತಪ್ಪೋದು ಹೇಗೆ ಅಂತ ಹೇಳ್ಕೊಡ್ತೀನಿ ಅಷ್ಟೇ. ನನಗೆ ಬರೋದು ಈಗ ಅದೊಂದೇ."

ಎತ್ತಿದ ಕೈ ಹಾಗೇ ಇಳಿಯಿತು. ಅಳು ಬಂತು, ಸಿಟ್ಟು ಬಂತು, ಏನು ಮಾಡಲೂ ತೋಚಲಿಲ್ಲ. ಮಗಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಇನ್ನೊಂದು ಸಲ ಅವನ ವಿರುದ್ಧ ಬರೆಯಬೇಕಾಗುತ್ತಿತ್ತು. ಅದನ್ನು ಅವಳಿಂದ ಮಾಡಿಸುವಷ್ಟು ಗಟ್ಟಿ ಎದೆ ನನಗಿಲ್ಲ.

ಕೆಲವು ತಿಂಗಳು ಹಾಗೇ ಕಳೆದವು. ಒಂದು ಸಂಜೆ ಅವಳು ಬೇಗ ಬಂದಳು. ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಬಾಗಿಲಿಗೆ ಒರಗಿ ನಿಂತು, ಅವನು ಒಳಗಿದ್ದಾನೆಯೇ ಎಂದು ಕೇಳಿದಳು. ಇದ್ದಾನೆ ಎಂದೆ.

"ಇವತ್ತು ಒಂದು ಆಟ ಬಂತು ಅಮ್ಮ. ತಪ್ಪು, ಗಾಬರಿ ಎಲ್ಲ ಸರಿಯಾಗೇ ಇತ್ತು. ಉಳಿದ ಇಬ್ಬರಿಗೆ ಏನೂ ಗೊತ್ತಾಗಲ್ಲ. ನನಗೆ ಮಾತ್ರ ನೋಡಿದ ತಕ್ಷಣ ಗೊತ್ತಾಯ್ತು, ಕಲಿಸಿರೋದು ನಮ್ಮವನು ಅಂತ."

ಈಳಿಗೆಯಿಂದ ಕೈ ತೆಗೆದೆ. ನೀನೇನು ಬರೆದೆ ಎಂದು ಕೇಳಿದೆ.

"ಮೋಸ ಇಲ್ಲ ಅಂತ ಬರೆದೆ," ಎಂದಳು.

ಆಮೇಲೆ ಅವಳೇ ತಟ್ಟೆ ಹಾಕಿದಳು. ಅವನ ಬಾಗಿಲು ತಟ್ಟಿ, ಬಾರೋ ಊಟ ಆರುತ್ತೆ ಎಂದು ಕರೆದಳು. ಎಷ್ಟೋ ಕಾಲದ ಮೇಲೆ ಅವನು ಬಂದು ಅಕ್ಕನ ಪಕ್ಕದಲ್ಲಿ ಕೂತ. ಅವಳು ಬಡಿಸಿದಳು, ಸಾಕು ಎಂದರೂ ಇನ್ನಷ್ಟು ಹಾಕಿದಳು. ಅವನು ಏನೋ ಹೇಳಿದ, ಇಬ್ಬರೂ ನಕ್ಕರು. ಅಕ್ಕ ತಮ್ಮ ಹೀಗೆ ಕೂತು ಉಣ್ಣುವುದನ್ನು ಒಮ್ಮೆ ನೋಡಿದರೆ ಸಾಕು ಎಂದು ನಾನು ಎಷ್ಟು ದಿನ ಹಂಬಲಿಸಿದ್ದೆನೋ ಲೆಕ್ಕವಿಲ್ಲ. ಆ ಪಂದ್ಯದಲ್ಲಿ ನಿಯತ್ತಾಗಿ ಆಡಿ ಸೋತ ಹುಡುಗನ ಮನೆಯಲ್ಲೂ ಅವನ ತಾಯಿ ಇದೇ ಹೊತ್ತಿಗೆ ತಟ್ಟೆ ಹಾಕಿ ಕರೆಯುತ್ತಿರುತ್ತಾಳೆ, ಅವನು ಹಸಿವಿಲ್ಲ ಅನ್ನುತ್ತಿರುತ್ತಾನೆ. ನನ್ನ ಇಬ್ಬರು ಮಕ್ಕಳೂ ಹೊಟ್ಟೆ ತುಂಬ ಉಂಡರು. ನಾನು ನನ್ನ ತಟ್ಟೆಯನ್ನು ಮುಟ್ಟದೆ ಹಾಗೇ ಮುಚ್ಚಿಟ್ಟೆ.